ಕಹಿ ಉಗುಳದ ಹುಡುಗ

ಹೋದ ವರ್ಷ ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಮಂಜು ಫೋನ್ ಮಾಡಿದ. ಹೆಸರು ಬದಲಿಸಿದ್ದೇನೆ. ಗದಗ ಕಡೆಯ ಹುಡುಗ, ಇಲ್ಲಿ ವಿದೇಶದಲ್ಲಿ, ಡನೀಡಿನ್ ನಗರದಲ್ಲಿ ಎಂ.ಎಸ್ಸಿ. ಓದುತ್ತಿದ್ದ. ಪ್ರತಿ ಭಾನುವಾರ ನಮ್ಮ ಮನೆಯಲ್ಲೇ ಅವನ ಊಟ.

ಮೈಸೂರಿನಲ್ಲಿ ಪತ್ರಿಕೆಯೊಂದರ ಸಂಪಾದಕೀಯ ಡೆಸ್ಕಿನಲ್ಲಿದ್ದ ನಾನು ಈಗ ಮಾದಕವಸ್ತು ಪರೀಕ್ಷಾ ಕೇಂದ್ರದಲ್ಲಿ ಸ್ವಯಂಸೇವಕಿ. ಜನ ತಂದದ್ದು ನಿಜವಾಗಿ ಏನೆಂದು ಅಲ್ಲಿ ಹೇಳುತ್ತೇವೆ. ಕಾನೂನಿನ ಒಪ್ಪಿಗೆಯಿದೆ.

ಹಿಂದಿನ ಭಾನುವಾರ ಮಂಜು ರೊಟ್ಟಿ ಮುರಿಯುತ್ತಾ ಕೇಳಿದ್ದ: “ಅಕ್ಕಾರ, ನಿಮ್ಮ ಅಂಗಡಿಗೆ ಬಂದ್ರ ಪೊಲೀಸರಿಗೆ ಹೇಳ್ತೀರೇನು?”

“ಹೇಳಲ್ಲ ಕಣೋ, ತಗೊಂಡು ಬಾ. ನಶೆ ಹಚ್ಚಿದ ಕಾಗದದ ಚೀಟಿಗೆ ಒಂದು ಹನಿ ದ್ರಾವಣ ಹಾಕ್ತೀವಿ. ಎಲ್‌ಎಸ್‌ಡಿ ಆದ್ರೆ ನೇರಳೆ ಆಗುತ್ತೆ.”

“ನಮ್ಮ ಮಂದಿ ಯಾರರ ನೋಡಿದ್ರ?” ಎಂದು ನಕ್ಕ. ಬರಲಿಲ್ಲ.

ಆ ಶನಿವಾರ ಅವನು ಅಂದದ್ದು ಇಷ್ಟು: “ಅಕ್ಕಾರ, ಚೀಟಿ ನಾಲಿಗಿ ಕೆಳಗ ಇಟ್ಟು ಭಾಳ ಹೊತ್ತಾತು. ವಿಷದಂಗ ಕಹಿ ಐತಿ.”

“ಉಗುಳೋ! ಈಗಲೇ ಬಾಯಿ ತೊಳಿ!”

“ಕಹಿ ಉಗುಳಿದ್ರ ಔಷಧ ಹತ್ತಂಗಿಲ್ಲ ಅಂತಾಳ ನಮ್ಮವ್ವ. ಸಣ್ಣಾಂವ ಇದ್ದಾಗಿಂದ ತಡಕೊಂಡೇ ರೂಢಿ.” ನಗುತ್ತಿದ್ದ. ಮಾತು ಆಗಲೇ ತೊದಲುತ್ತಿತ್ತು.

ಆಂಬ್ಯುಲೆನ್ಸ್‌ಗೆ ಹೇಳಿ ನಾನೂ ಅವನ ಕೋಣೆಗೆ ಓಡಿದೆ. ಮೈ ಕೆಂಡವಾಗಿತ್ತು, ಸೆಳೆತ ಬರುತ್ತಿತ್ತು. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಅವನ ಕೋಣೆಯಲ್ಲಿ ಉಳಿದಿದ್ದ ಅರ್ಧ ಚೀಟಿ, ದ್ರಾವಣ ಹಾಕಿದರೆ ನೇರಳೆಯಾಗಲಿಲ್ಲ. ಅದು ಎನ್‌ಬೋಮ್. ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಎಲ್‌ಎಸ್‌ಡಿಯ ಹೆಸರಿನಲ್ಲಿ ಮಾರುತ್ತಾರೆ. ಎರಡೂ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಒಂದೇ ಬಾಗಿಲು ತಟ್ಟುತ್ತವೆ. ಆದರೆ ಎನ್‌ಬೋಮ್ ರಕ್ತನಾಳಗಳನ್ನು ಹಿಂಡಿ, ಕೂದಲೆಳೆಯಷ್ಟು ಹೆಚ್ಚಾದರೂ ಕೊಲ್ಲಬಲ್ಲದು. ನುಂಗಿದರೆ ಬಹುಪಾಲು ವ್ಯರ್ಥ. ಬಾಯಲ್ಲಿಟ್ಟಷ್ಟೂ ರಕ್ತಕ್ಕೆ ಸೇರುತ್ತದೆ. ಎಲ್‌ಎಸ್‌ಡಿಗೆ ರುಚಿಯಿಲ್ಲ, ಸಾಮಾನ್ಯವಾಗಿ ಕಹಿಯೇ ಎನ್‌ಬೋಮ್‌ನ ಗುರುತು. ಆ ಭಾನುವಾರ ಊಟದ ಹೊತ್ತಿಗೆ ನಾನು ಬಣ್ಣದ ಮಾತಾಡಿದೆ, ರುಚಿಯ ಮಾತಾಡಲಿಲ್ಲ.

ಈಗ ಮೇಜಿನ ಮುಂದೆ ಯಾರೇ ಬರಲಿ, ಮೊದಲು ಅದನ್ನೇ ಹೇಳುತ್ತೇನೆ: ಕಹಿಯಾದರೆ ಉಗುಳಿ, ಕಹಿಯಿಲ್ಲವೆಂದು ನಂಬಲೂ ಬೇಡಿ.

ಅವನ ತಾಯಿ ಫೋನಿನಲ್ಲಿ ಕೇಳಿದರು: “ಕಡೀಕ ಏನರ ಅಂದನೇನವ್ವಾ?”

“ನಿಮ್ಮನ್ನ ನೆನೆಸಿಕೊಂಡ, ಅಮ್ಮ.”

“ಏನಂತ?”

ಡೆಸ್ಕಿನಲ್ಲಿದ್ದಾಗ ಅರ್ಧ ಹೇಳಿಕೆಯನ್ನು ನಾನು ಎಂದೂ ಅಚ್ಚಿಗೆ ಕಳಿಸಿದವಳಲ್ಲ. ಅಂದು ಎರಡು ಮಾತು ಹೇಳದೆ ಬಿಟ್ಟೆ: ಕಹಿಯ ಬಗ್ಗೆ ಅವನು ಹೇಳಿದ ಅವ್ವನ ಮಾತು, ಮತ್ತು ನಾನು ಅವನಿಗೆ ಹೇಳದೇ ಹೋದದ್ದು. ಮೊದಲನೆಯದನ್ನು ಆ ತಾಯಿಗಾಗಿ ಬಿಟ್ಟೆ. ಎರಡನೆಯದನ್ನು ಯಾರಿಗಾಗಿ ಬಿಟ್ಟೆನೆಂದು ನನಗೆ ಗೊತ್ತು.