ಸದ್ದು ಮಾಡದ ಗಿಟುಕು

ಮಚ್ಚಿನ ಏಟು ಎಲ್ಲಿ ನಿಲ್ಲಬೇಕು ಎಂಬುದು ಪುಟ್ಟಗಂಗಮ್ಮನ ಕೈಗೆ ಗೊತ್ತಿತ್ತು. ಚಿಪ್ಪು ಬಿರಿಯಬೇಕು, ಒಳಗಿನ ಕೊಬ್ಬರಿಗೆ ಅಲಗು ತಾಕಬಾರದು. ಎಡಗೈಯಲ್ಲಿ ಕಾಯಿ ತಿರುಗುತ್ತಾ ಹೋಗುತ್ತದೆ, ಬಲಗೈಯ ಮಚ್ಚು ಸುತ್ತಲೂ ತಟ್ಟುತ್ತಾ ಬರುತ್ತದೆ. ಐದಾರು ಏಟಿಗೆ ಚಿಪ್ಪು ಕಳಚಿ ಬಿದ್ದು, ಕಂದು ಸಿಪ್ಪೆಯ ಕೊಬ್ಬರಿ ಇಡಿಯಾಗಿ ಮಡಿಲಿಗೆ ಉರುಳುತ್ತದೆ. ತಿಪಟೂರು ಪಕ್ಕದ ಬಿಳಿಗೆರೆಗೆ ಸೊಸೆಯಾಗಿ ಬಂದ ವರ್ಷ ಅತ್ತೆಯ ಮಗ್ಗುಲಲ್ಲಿ ಕೂತು ಕಲಿತ ಕೆಲಸ ಅದು. ಈಗ ಅವಳಿಗೆ ಐವತ್ತಮೂರು.

ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತ ಕಾಯಿಯಲ್ಲಿ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಂಡು ಒಳಗೇ ಆಡತೊಡಗುತ್ತದೆ. ಅಂಥ ಕಾಯಿಗೆ ಅಲ್ಲಿನ ಹೆಂಗಸರು ಗಿಟುಕು ಎನ್ನುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ‘ಗಿಟಕ್’ ಎನ್ನಬೇಕು. ಅನ್ನದಿದ್ದರೆ ಕೊಬ್ಬರಿ ಇನ್ನೂ ಅಂಟಿಕೊಂಡಿದೆ ಎಂದರ್ಥ. ಅಂಥದ್ದನ್ನು ಪುಟ್ಟಗಂಗಮ್ಮ ಮುಟ್ಟದೆ ಪಕ್ಕಕ್ಕಿಡುತ್ತಾಳೆ.

ಹೋದ ವರ್ಷ ಶಿವರಾತ್ರಿ ಕಳೆದ ವಾರ, ತೋಟದ ಯಜಮಾನ ಶಿವಮೂರ್ತಿಯವರ ಶೆಡ್ಡಿನಲ್ಲಿ ಏಳು ಜನ ಹೆಂಗಸರು ಮಣೆ ಹಾಕಿಕೊಂಡು ಒಡೆಯುತ್ತಿದ್ದರು. ಪುಟ್ಟಗಂಗಮ್ಮನ ಬಲ ಹೆಗಲಿನ ಹಿಂದೆ ಬೆಳಗಿನಿಂದ ಒಂದು ಸೆಳೆತ. ಅದು ತೋಳಿನುದ್ದಕ್ಕೂ ಇಳಿದು ಮೊಣಕೈ ಗಂಟಿನಲ್ಲಿ ನಿಲ್ಲುತ್ತಿತ್ತು. ಸಂಕ್ರಾಂತಿಯಿಂದಲೂ ಇದ್ದದ್ದೇ. ಆದರೆ ಅವತ್ತು ಮಚ್ಚು ಒಂದು ಕ್ಷಣ ತಡವಾಗಿ ನಿಂತಿತು. ಮಡಿಲಿಗೆ ಬಿದ್ದ ಕೊಬ್ಬರಿಯ ಮೈಮೇಲೆ ಬೆರಳುದ್ದ ಬಿಳಿ ಗಾಯ.

ಗಾಯವಾದದ್ದು ಇಡಿ ಕೊಬ್ಬರಿಯ ರಾಶಿಗೆ ಸೇರುವುದಿಲ್ಲ, ಹೋಳಿನ ಬುಟ್ಟಿಗೆ ಹೋಗಬೇಕು. ಪುಟ್ಟಗಂಗಮ್ಮನ ಮುಂದೆ ಹೋಳಿನ ಬುಟ್ಟಿಯೇ ಇರಲಿಲ್ಲ. ಎಷ್ಟೋ ವರ್ಷದಿಂದ ಅವಳಿಗೆ ಅದು ಬೇಕಾಗಿರಲೇ ಇಲ್ಲ. ಅವಳು ಗಾಯದ ಕಡೆ ಕೆಳಗೆ ಮಾಡಿ ಕೊಬ್ಬರಿಯನ್ನು ಸೆರಗಿನ ಮರೆಯಲ್ಲಿಟ್ಟುಕೊಂಡಳು.

ಪಕ್ಕದ ಮಣೆಯ ರಾಮಲಕ್ಷ್ಮಮ್ಮ ತಲೆ ಎತ್ತಲಿಲ್ಲ. “ಏನಾಯ್ತೆ ಗಂಗೂ?”

“ಏನಿಲ್ಲ ಕಣೇ. ಕೈ ಜಾರ್ತು.”

“ಜಾರೋ ಕೈನಾ ಅದು? ಬುಡು, ನನ್ತಾವ ಸುಳ್ಳು ಹೇಳ್ಬ್ಯಾಡ.” ಎಡಗೈ ಚಾಚಿ ಆ ಕೊಬ್ಬರಿಯನ್ನು ಎತ್ತಿಕೊಂಡು ತನ್ನ ಹೋಳಿನ ಬುಟ್ಟಿಗೆ ಹಾಕಿದಳು. ಸಂಜೆಯೊಳಗೆ ಅಂಥವು ಇನ್ನೂ ನಾಲ್ಕು ಆದವು. ನಾಲ್ಕೂ ಅದೇ ಬುಟ್ಟಿಗೆ ಬಿದ್ದವು. ರಾಮಲಕ್ಷ್ಮಮ್ಮನ ಕೈ ಈಚೆಗೆ ಕೆಟ್ಟಿದೆ ಎಂದು ಎದುರು ಸಾಲಿನವರು ನಕ್ಕರು. ಅವಳೂ ಜೊತೆಗೆ ನಕ್ಕಳು. “ವಯಸ್ಸಾಯ್ತು ಕಣ್ರೇ, ನಿಮಗೂ ಆಗ್ತದೆ, ತಡ್ಕಳಿ.”

ಮನೆಯಲ್ಲಿ ಗಂಡ ದುರ್ಗಯ್ಯ ಹರಳೆಣ್ಣೆ ಬಿಸಿ ಮಾಡಿ ಹೆಗಲು ತಿಕ್ಕಲು ಕೂತ. ಅವನು ಊರೂರಿಗೆ ಹೋಗಿ ಕಾಯಿ ಸುಲಿಯುವವನು. ಸಲಾಕೆಗೆ ಕಾಯಿ ಚುಚ್ಚಿ ತಿರುವಿ ತಿರುವಿ ಅಂಗೈ ದಡ್ಡುಗಟ್ಟಿತ್ತು.

“ಅಯ್ಯಯ್ಯೋ, ಬುಡಯ್ಯ! ಕೈಯಾ ಇದು, ತೆಂಗಿನ ಮಟ್ಟೆಯಾ?”

“ಮಟ್ಟೆ ಆದ್ರೆ ಆಗ್ಲಿ, ಎಣ್ಣೆ ಆದ್ರೂ ಇಳೀತದಲ್ಲ. ಸುಮ್ಕಿರು.”

ಎಣ್ಣೆ ಇಳಿಯಿತು, ನೋವು ಇಳಿಯಲಿಲ್ಲ. ಜಡೆ ಹೆಣೆಯಲು ಕೈ ಮೇಲೇಳದೆ ಅವಳು ತಲೆ ಬಗ್ಗಿಸಿ ಗಂಟು ಹಾಕಿಕೊಳ್ಳತೊಡಗಿದಳು. ನಾಲ್ಕನೇ ದಿನ ಶಿವಮೂರ್ತಿಯವರು ಶೆಡ್ಡಿನ ಬಾಗಿಲಲ್ಲಿ ನಿಂತು, ಅವಳ ಮಚ್ಚು ತಡವರಿಸುವುದನ್ನು ಕಂಡು, ಯಾರ ಮುಖವನ್ನೂ ನೋಡದೆ ಹೇಳಿದರು: “ಗಂಗಮ್ಮ, ನೀನು ಇವತ್ತು ಚಿಪ್ಪು ತುಂಬವ್ವ. ಮಚ್ಚು ಬ್ಯಾಡ. ಕೈ ಸರಿಯಾಗ್ಲಿ, ಮಣೆ ನಿಂದೇ.”

ದನಿಯಲ್ಲಿ ಬಿರುಸಿರಲಿಲ್ಲ. ಪುಟ್ಟಗಂಗಮ್ಮ ಎದ್ದು ಚೀಲ ಹಿಡಿದು, ಉಳಿದವರ ಕಾಲ ಬುಡದ ಚಿಪ್ಪು ಬಾಚತೊಡಗಿದಳು. ಖಾಲಿ ಮಣೆಯನ್ನು ದಾಟುವಾಗಲೆಲ್ಲ ಬಳಸಿಕೊಂಡು ಹೋಗುತ್ತಿದ್ದಳು. ಯಜಮಾನರ ಇನ್ನೊಂದು ಅಟ್ಟದ ಕಾಯಿ ಇಳಿಸುವುದಕ್ಕೆ ಎರಡು ತಿಂಗಳಿತ್ತು. ಅಷ್ಟರೊಳಗೆ ಕೈ ಬಾರದಿದ್ದರೆ ಆ ಮಣೆಯ ಮೇಲೆ ಬೇರೆ ಯಾರೋ ಕೂರುತ್ತಾರೆ. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಅವಳನ್ನು ತಿಪಟೂರಿನ ಬಸ್ಸು ಹತ್ತಿಸಿದವಳು ರಾಮಲಕ್ಷ್ಮಮ್ಮ. ಅಲ್ಲಿನ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ತೆಗೆಸಿ, ಮೂಳೆಗೆ ಏನೂ ಆಗಿಲ್ಲವೆಂದು ಫಿಸಿಯೋಥೆರಪಿ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ಮೋನಿಕಾ ಎಂಬ ಹುಡುಗಿ, ಅಮ್ಮಸಂದ್ರದ ಕಡೆಯವಳು. ಕೆಲಸ ಏನೆಂದು ಕೇಳಿ, ಪುಟ್ಟಗಂಗಮ್ಮನ ಬಲಗೈಯನ್ನು ತಿರುಗಿಸಿ ನೋಡಿದಳು.

“ನಮ್ಮಜ್ಜಿ ಸಿದ್ದಮ್ಮಾನೂ ಕೊಬ್ಬರಿ ಒಡೀತಿದ್ರು. ಹೆಬ್ಬೆರಳ ಬುಡದಲ್ಲಿ ಇದೇ ದಡ್ಡು ಇತ್ತು.”

ಪುಟ್ಟಗಂಗಮ್ಮನಿಗೆ ಅಲ್ಲಿಗೇ ಅರ್ಧ ಧೈರ್ಯ ಬಂತು. ಮೋನಿಕಾ ಬೆನ್ನ ಹಿಂದೆ ನಿಂತು, ಹೆಗಲ ಹಲಗೆಯ ಮೂಳೆಯ ಅಂಚಿನಲ್ಲಿ ಒಂದು ಕಡೆ ಬೆರಳೊತ್ತಿದಳು. ನೋವು ಝಿಲ್ಲೆಂದು ಮೊಣಕೈವರೆಗೆ ಓಡಿತು.

“ಅಯ್ಯೋ, ಅದೇ ಕಣವ್ವ! ನೋವು ಇಲ್ಲಿ, ನೀನು ಒತ್ತಿದ್ದು ಅಲ್ಲಿ!”

“ಮಾಂಸ ಅಲ್ಲಿ ಬಿಗಿದುಕೊಂಡೈತೆ ಅಮ್ಮ. ಅಷ್ಟು ವರ್ಷ ಒಂದೇ ಕೈ ಎತ್ತಿ ಇಳಿಸಿದ್ದಕ್ಕೆ. ನಾನು ದಿನಾ ಬಿಳಿಗೆರೆಗೆ ಬರಕ್ಕಾಗಲ್ಲ. ನೀವೇ ಬಿಡಿಸ್ಕೋಬೇಕು.” ಒಂದು ಟೆನಿಸ್ ಚೆಂಡು ಕೊಟ್ಟು, ಅದನ್ನು ಬೆನ್ನಿಗೂ ಗೋಡೆಗೂ ನಡುವೆ ಇಟ್ಟು ಒರಗಿ ಹೊರಳಿಸುವುದನ್ನು ತೋರಿಸಿದಳು.

ಚೆಂಡು ಬಿಳಿಗೆರೆಯಲ್ಲಿ ಮೂರು ದಿನ ಬಾಳಿತು. ನಾಲ್ಕನೇ ದಿನ ಗೋಡೆಯಿಂದ ಜಾರಿ, ಜಗಲಿ ಇಳಿದು, ಚರಂಡಿ ಸೇರಿತು. ಪುಟ್ಟಗಂಗಮ್ಮ ಶೆಡ್ಡಿಗೆ ಹೋದಾಗ ಶಿವಮೂರ್ತಿಯವರನ್ನು ಕೇಳಿ ರಾಶಿಯಿಂದ ಒಂದು ಗಿಟುಕು ಆರಿಸಿಕೊಂಡಳು. ಗುಂಡಗಿದ್ದದ್ದು, ಕೈಗೆ ಹಗುರವಾದದ್ದು. ನಾರು ಹೆರೆದು ನುಣ್ಣಗೆ ಮಾಡಿಕೊಂಡಳು. ಅಷ್ಟು ಹೊತ್ತಿಗೆ ಮನಸ್ಸಿನಲ್ಲಿ ಒಂದು ಲೆಕ್ಕಾಚಾರ ಹುಟ್ಟಿತ್ತು. ಬಿಗಿದುಕೊಂಡದ್ದನ್ನು ಬಿಡಿಸುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುತ್ತ ತಟ್ಟಬೇಕು, ಆಗ ಒಳಗಿನದು ಬಿಟ್ಟುಕೊಳ್ಳುತ್ತದೆ.

ಗಿಟುಕನ್ನು ಟವಲಿನ ತುದಿಗೆ ಕಟ್ಟಿ, ಎಡಗೈಯಿಂದ ಬೀಸಿ ಬಲ ಹೆಗಲಿನ ಹಿಂದೆ ತಟ್ಟತೊಡಗಿದಳು. ಗಿಟಕ್, ಗಿಟಕ್. ಆಮೇಲೆ ಮೊಣಕೈ ಗಂಟಿನ ಮೇಲೆ. ನೋವಾದಷ್ಟೂ ಒಳ್ಳೆಯದೆಂದುಕೊಂಡಳು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ದುರ್ಗಯ್ಯ ಕೊಟ್ಟಿಗೆಯಿಂದಲೇ ಕೂಗಿದ: “ಲೇ, ಯಾವ ದೆವ್ವ ಬಿಡಿಸ್ಕತಾ ಇದೀಯೆ?”

ವಾರ ಕಳೆದು ಆಸ್ಪತ್ರೆಗೆ ಹೋದಾಗ ರವಿಕೆಯ ಹಿಂದೆ ಅಂಗೈಯಗಲ ನೀಲಿಗಟ್ಟಿತ್ತು. ಮೊಣಕೈ ಊದಿತ್ತು. ಮೋನಿಕಾ ಗಾಬರಿಯಾದಳು.

“ಯಾರಾದ್ರೂ ಹೊಡೆದ್ರಾ ಅಮ್ಮ? ಹೇಳಿ, ಹೆದರ್ಬೇಡಿ.”

“ನಾನೇ ಹೊಡ್ಕಂಡೆ ಕಣವ್ವ,” ಎಂದಳು ಪುಟ್ಟಗಂಗಮ್ಮ. ಟವಲು ಬಿಚ್ಚಿ ಗಿಟುಕು ತೋರಿಸಿದಳು. ಜೊತೆಗೆ ಬಂದಿದ್ದ ರಾಮಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡಳು. “ಚಿಪ್ಪು ಅನ್ಕಂಡವ್ಳೆ ಮೈಯ್ಯ!”

ಮೋನಿಕಾ ನಗು ತಡೆದುಕೊಂಡು ಗಿಟುಕನ್ನು ಕೈಗೆ ತೆಗೆದುಕೊಂಡಳು. ಅಭ್ಯಾಸಬಲದಿಂದಲೋ ಏನೋ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗಿಟಕ್ ಎಂದಿತು. ಮತ್ತೆ ನಿಧಾನವಾಗಿ ಮೇಜಿನ ಮೇಲೆ ಉರುಳಿಸಿದಳು. ಸದ್ದಿಲ್ಲ. ಇನ್ನೊಂದು ಸಲ ಉರುಳಿಸಿದಳು.

“ಇದನ್ನೇ ಇಟ್ಕೊಳ್ಳಿ ಅಮ್ಮ. ಚೆಂಡಿಗಿಂತ ಗಟ್ಟಿ, ಅದಕ್ಕೆ ಟವಲು ಎರಡು ಸುತ್ತು ಸುತ್ತಿ. ಬೆನ್ನಲ್ಲಿಟ್ಟು ಗೋಡೆಗೆ ಒರಗಿ, ಉರುಳ್ಸಿ. ಆದ್ರೆ ಇದು ಸದ್ದು ಮಾಡಬಾರ್ದು. ಗಿಟಕ್ ಅಂತೋ, ನೀವು ಅವಸರ ಮಾಡಿದ್ರಿ ಅಂತ.”

ಪುಟ್ಟಗಂಗಮ್ಮ ಅವಳ ಮುಖ ನೋಡಿದಳು. ಸದ್ದು ಮಾಡುವ ಗಿಟುಕನ್ನು ಹುಡುಕುವುದೇ ಇಷ್ಟು ವರ್ಷದ ಕೆಲಸವಾಗಿತ್ತು. ಸದ್ದು ಮಾಡದಂತೆ ಅದನ್ನು ಹೊರಳಿಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಉಳಿದದ್ದನ್ನೂ ಮೋನಿಕಾ ಬಿಡಿಸಿ ಹೇಳಿದಳು. ನೀಲಿ ಹೋಗುವವರೆಗೆ, ಊತ ಇಳಿಯುವವರೆಗೆ ಆ ಜಾಗ ಮುಟ್ಟಬಾರದು. ಬೆನ್ನುಮೂಳೆಯ ಮೇಲೆ, ಗಂಟಿನ ಮೇಲೆ ಯಾವತ್ತೂ ಇಡಬಾರದು, ಮಾಂಸ ಇರುವ ಕಡೆ ಮಾತ್ರ. ಬಿಗಿ ಸಿಕ್ಕಿದಲ್ಲಿ ನಿಂತು ನಾಲ್ಕೈದು ಸಲ ಉಸಿರಾಡಬೇಕು. ಉಸಿರು ಕಟ್ಟುವಷ್ಟು ನೋವಾದರೆ ಒತ್ತಿದ್ದು ಹೆಚ್ಚಾಯಿತು. ಬೆರಳು ಜೋಮು ಹಿಡಿದರೆ ನಿಲ್ಲಿಸಿ ಬಂದು ತೋರಿಸಬೇಕು. ಮುಂಗೈಗೆ ಮನೆಯ ಲಟ್ಟಣಿಗೆ ಸಾಕು. ತೋಳನ್ನು ದಿಂಬಿನ ಮೇಲಿಟ್ಟು, ಮಣಿಕಟ್ಟಿನಿಂದ ಮೇಲಕ್ಕೆ ಹಗುರಾಗಿ ಉರುಳಿಸಬೇಕು.

“ರೊಟ್ಟಿ ಹರೀಬಾರ್ದು, ಅಷ್ಟು ಹಗುರ,” ಎಂದಳು ರಾಮಲಕ್ಷ್ಮಮ್ಮ.

“ಅಷ್ಟೇ ಅಜ್ಜಿ, ನೀವೇ ಡಾಕ್ಟ್ರು.”

“ಅಜ್ಜಿ ಅಂದ್ಯಾ? ಅವಳಿಗಿಂತ ಎರಡು ವರ್ಷ ಚಿಕ್ಕೋಳು ನಾನು!”

ಹತ್ತು ದಿನ ಕಾದು ಪುಟ್ಟಗಂಗಮ್ಮ ಗೋಡೆಗೆ ನಿಂತಳು. ಟವಲಿನಲ್ಲಿ ಸುತ್ತಿದ ಗಿಟುಕು ಪದೇ ಪದೇ ಜಾರುತ್ತಿತ್ತು. ಕೊನೆಗೆ ದುರ್ಗಯ್ಯನ ಹಳೆಯ ತುಂಬುತೋಳಿನ ಅಂಗಿಯ ಒಂದು ತೋಳು ಕತ್ತರಿಸಿ, ಕೆಳತುದಿಗೆ ಗಂಟು ಹಾಕಿ, ಅದರೊಳಗೆ ಟವಲು ಸಮೇತ ಗಿಟುಕು ಇಳಿಸಿ, ಮೇಲಿನ ತುದಿಯನ್ನು ಎಡ ಹೆಗಲ ಮೇಲಿಂದ ಮುಂದಕ್ಕೆ ತಂದು ಹಿಡಿದುಕೊಂಡಳು. ಆಗ ಎಲ್ಲಿ ಬೇಕೋ ಅಲ್ಲಿ ನಿಂತಿತು. ಮೊದಮೊದಲು ಎರಡು ಹೊರಳಿಗೊಂದು ಗಿಟಕ್. ಅವಳು ನಿಲ್ಲಿಸಿ, ಮೊಣಕಾಲು ಇನ್ನೂ ನಿಧಾನ ಬಗ್ಗಿಸಿ, ಮತ್ತೆ ಶುರು ಮಾಡುತ್ತಿದ್ದಳು. ಮಚ್ಚು ಹಿಡಿದ ಕೈಗೆ ಇಷ್ಟು ನಿಧಾನ ಕಷ್ಟವಾಗಿತ್ತು.

“ನನ್ನ ಅಂಗಿ ತೋಳೆಲ್ಲಿ?” ಎಂದ ದುರ್ಗಯ್ಯ.

“ನನ್ನ ಬೆನ್ನ ಮೇಲೈತೆ.”

“ಅದನ್ನ ನಾನು ಉಗಾದಿಗೆ ಹಾಕ್ಕಳಾಣ ಅಂತಿದ್ದೆ ಕಣೇ.”

“ಒಂದು ತೋಳಲ್ಲಿ ಹಾಕ್ಕಂಡು ಬುಡು. ನೋಡ್ದೋರು ಹೊಸಾ ಫ್ಯಾಷನ್ನು ಅಂತಾರೆ.”

ಮೂರನೇ ವಾರ ಒಂದು ಬೆಳಿಗ್ಗೆ ಅವಳು ಗೋಡೆಗೆ ಒರಗಿ, ಹೆಗಲ ಹಲಗೆಯ ಅಂಚಿನ ಆ ಜಾಗದಲ್ಲಿ ಗಿಟುಕು ನಿಲ್ಲಿಸಿ ಉಸಿರು ಬಿಟ್ಟಳು. ಐದನೇ ಉಸಿರಿಗೆ ಒಳಗೆ ಏನೋ ಸಡಿಲಿತು. ಬಿಸಿನೀರು ಹುಯ್ದ ಹಾಗೆ ತೋಳಿನುದ್ದಕ್ಕೂ ಹಗುರಾಯಿತು. ಅಂದು ಅವಳು ಎರಡೂ ಕೈ ಎತ್ತಿ ಜಡೆ ಹೆಣೆದುಕೊಂಡಳು. ಸೆಳೆತ ಪೂರ್ತಿ ಹೋಗಿರಲಿಲ್ಲ. ಮೋಡದ ದಿನ ಮೊಣಕೈ ಮಾತಾಡುತ್ತಿತ್ತು. ಆದರೂ ಲಟ್ಟಣಿಗೆಯ ಮಾತನ್ನು ಅದು ಕೇಳುತ್ತಿತ್ತು.

ಇನ್ನೊಂದು ಅಟ್ಟದ ಕಾಯಿ ಇಳಿಸಿದ ದಿನ ಪುಟ್ಟಗಂಗಮ್ಮ ತನ್ನ ಗಿಟುಕನ್ನು ಅಂಗಿತೋಳಿನ ಸಮೇತ ಶೆಡ್ಡಿಗೆ ತಂದಳು. ಮಣೆ ಇದ್ದಲ್ಲೇ ಇತ್ತು. ಅದರ ಮೇಲೆ ರಾಮಲಕ್ಷ್ಮಮ್ಮನ ನೀರಿನ ಚೊಂಬು, ಎಲೆಅಡಿಕೆ ಚೀಲ, ಚಪ್ಪಲಿ. ಬೇರೆ ಯಾರೂ ಕೂರದಂತೆ ಬೆಳಿಗ್ಗೆಯೇ ಬಂದು ತನ್ನ ಸಾಮಾನೆಲ್ಲ ಅಲ್ಲೇ ಹರವಿಕೊಂಡಿದ್ದಳು.

“ಏನೇ, ಸಂಸಾರಾನೇ ಹೂಡಿದೀಯ?”

“ಬಾಡಿಗೆಗೆ ಕೊಟ್ಟಿರ್ಲಿಲ್ಲ ಸದ್ಯ. ಕೂತ್ಕ.”

ಶಿವಮೂರ್ತಿಯವರು ಬಾಗಿಲಿಗೆ ಬಂದು ನಿಂತರು. ಪುಟ್ಟಗಂಗಮ್ಮ ರಾಶಿಗೆ ಕೈ ಹಾಕಲಿಲ್ಲ. ಅಂಗಿತೋಳಿನಿಂದ ತನ್ನ ಗಿಟುಕು ತೆಗೆದಳು. ಮುಂಗೈಯನ್ನು ಎರಡು ಸಲ ನೀವಿಕೊಂಡು, ಮಚ್ಚು ಹಿಡಿದಳು. ಶೆಡ್ಡಿನಲ್ಲಿ ಉಳಿದ ಮಚ್ಚುಗಳು ನಿಂತವು. ಒಂದು, ಎರಡು, ಮೂರು. ಎಡಗೈಯಲ್ಲಿ ಕಾಯಿ ತಿರುಗಿತು. ಆರನೇ ಏಟಿಗೆ ಚಿಪ್ಪು ಬಿರಿದು, ಕೊಬ್ಬರಿ ಮಡಿಲಿಗೆ ಬಿತ್ತು. ಅವಳು ಅದನ್ನು ಸುತ್ತಲೂ ತಿರುಗಿಸಿ ನೋಡಿದಳು. ಎಲ್ಲೂ ಬಿಳಿ ಕಾಣಲಿಲ್ಲ.

“ನಿನ್ನ ಬೆವರು ಕುಡಿದ ಕೊಬ್ರಿ ಕಣೇ ಅದು,” ಎಂದು ಎದುರು ಸಾಲಿನಿಂದ ಯಾರೋ ಕೂಗಿದರು.

“ಚಿಪ್ಪೊಳಗಿತ್ತು ಕಣ್ರವ್ವಾ! ಅದಕ್ಕೇನು ಗೊತ್ತು ನನ್ನ ಬೆನ್ನು?”

ಶಿವಮೂರ್ತಿಯವರು ನಕ್ಕು ಒಳಗೆ ಹೋದರು. ಪುಟ್ಟಗಂಗಮ್ಮ ರಾಶಿಯಿಂದ ಒಂದೊಂದೇ ಕಾಯಿ ಕಿವಿಗೆ ಹಿಡಿದು, ಇನ್ನೊಂದು ಗುಂಡನೆಯ ಗಿಟುಕು ಆರಿಸಿ ಪಕ್ಕಕ್ಕಿಟ್ಟಳು. ಅದು ಮೋನಿಕಾಳ ಕೋಣೆಗೆ. ಮುಂದೆ ಬರುವವರಿಗೆ ತೋರಿಸಲು ಒಂದು ಬೇಕೆಂದು ಅವಳು ಹೇಳಿಕಳಿಸಿದ್ದಳು. ಮನೆಗೆಂದು ಮತ್ತೊಂದನ್ನು ಅಂಗಿತೋಳಿಗೆ ಇಳಿಸಿಕೊಂಡಳು. ಆಮೇಲೆ ಮಡಿಲಲ್ಲಿದ್ದ ಇಡಿ ಕೊಬ್ಬರಿಯನ್ನು ಎತ್ತಿ, ರಾಶಿಗೆ ಹಾಕದೆ, ರಾಮಲಕ್ಷ್ಮಮ್ಮನ ಹೋಳಿನ ಬುಟ್ಟಿಯೊಳಗೆ ಮೆಲ್ಲಗೆ ಇಟ್ಟಳು.

“ಇದು ಇಡಿ ಕಣೇ, ಇಲ್ಲಿಗ್ಯಾಕೆ ಹಾಕ್ತಿ?”

“ಇರ್ಲಿ ಬುಡು. ನನ್ನವು ಐದು ಅಲ್ಲಿಗೇ ಹೋಗಿದ್ವಲ್ಲ.”

ರಾಮಲಕ್ಷ್ಮಮ್ಮ ಬುಟ್ಟಿಯಿಂದ ಕೊಬ್ಬರಿ ಎತ್ತಿ, ಕೆಳಗೆ ಮೇಲೆ ತಿರುಗಿಸಿ ನೋಡಿ, ತಾನೇ ಅದನ್ನು ಇಡಿ ಕೊಬ್ಬರಿಯ ರಾಶಿಯ ತುದಿಗಿಟ್ಟಳು. “ಒಡಿ ಒಡಿ, ಹೊತ್ತಾಯ್ತು,” ಎಂದು ತನ್ನ ಮಚ್ಚು ತೆಗೆದುಕೊಂಡಳು.