ನೊಯ್ ಆಂಟಿಯ ಊರಿನ ದಾರಿ

ಮಜ್ಜಿಗೆಹುಲ್ಲು ಜಜ್ಜಿದ ವಾಸನೆಗೆ ಎಲ್ಲರಿಗೂ ಕಷಾಯ ನೆನಪಾದರೆ, ನನಗೆ ಕೊಲ್ಲಿ ದೇಶದ ವಾದಿ ಕಬೀರಿನಲ್ಲಿ ನಾವಿದ್ದ ಫ್ಲ್ಯಾಟಿನ ಚಿಲಕ ಹಾಕಿದ್ದೇನೋ ಇಲ್ಲವೋ ಎಂಬ ಚಿಂತೆ ಹತ್ತುತ್ತದೆ. ಆ ಕಟ್ಟಡವನ್ನು ಕೆಡವಿ ಎಷ್ಟೋ ವರ್ಷವಾಯಿತು. ನನ್ನ ಚಿಂತೆ ಮಾತ್ರ ಗಟ್ಟಿಮುಟ್ಟಾಗಿದೆ. ನಿಮಗೂ ಇಂಥದೊಂದು ಇಲ್ಲದ ಮನೆ ಇರಬೇಕು. ಆ ಹುಲ್ಲನ್ನು ಎಣ್ಣೆಡಬ್ಬದಲ್ಲಿ ಬೆಳೆಸಿದ್ದವರು ಪಕ್ಕದ ಮನೆಯ ನೊಯ್ ಆಂಟಿ, ಥಾಯ್ಲೆಂಡಿನವರು. ಗಂಡ ಸುಧಾಕರ ನಮ್ಮ ಉಡುಪಿ ಕಡೆಯವನು, ಗ್ಯಾರೇಜಿನ ಫೋರ್‌ಮನ್. ಆಂಟಿಯ ತಲೆಯನ್ನು ಅವನು ಗೋಡೆಗೆ ಬಡಿದಾಗ ಈಚೆ ನಮ್ಮ ಕ್ಯಾಲೆಂಡರ್ ಅಲುಗುತ್ತಿತ್ತು. ಅಪ್ಪ ಟಿವಿಯ ಸದ್ದು ಹೆಚ್ಚಿಸುತ್ತಿದ್ದರು.

ನನ್ನ ಆರನೇ ಕ್ಲಾಸಿನ ಪ್ರಾಜೆಕ್ಟಿಗೆ ಆಂಟಿ ತಮ್ಮ ಊರನ್ನೇ ಕೊಟ್ಟರು: ಕಾಲುವೆ ದಂಡೆಯಲ್ಲಿ ಕಂಬಗಳ ಮೇಲೆ ನಿಂತ ಹತ್ತಿಪ್ಪತ್ತು ಮನೆ, ಗದ್ದೆಯಾಚೆ ಪಾಳುಬಿದ್ದ ಇಟ್ಟಿಗೆ ಗೋಪುರ, ಸುತ್ತಲೂ ಸಾಲಾಗಿ ಕುಳಿತ ಕಲ್ಲಿನ ಬುದ್ಧರು. ಒಬ್ಬರಿಗೂ ತಲೆಯಿಲ್ಲ. ಎಂದೋ ಯುದ್ಧ ಗೆದ್ದವರು ಕಡಿದು ಹಾಕಿದ್ದಂತೆ. ಆಂಟಿಯ ಅಜ್ಜಿ ಆ ಮುಂಡಗಳಿಗೇ ಹಳದಿ ಬಟ್ಟೆ ಹೊದೆಸುತ್ತಿದ್ದರಂತೆ. ನಾನು ಕತ್ತುಗಳಿಗೆಲ್ಲ ಕೆಂಪು ಸ್ಕೆಚ್ ಪೆನ್ ತುಂಬಿದೆ. "ರಕ್ತ ಬೇಡ ಮಾರಾಯ್ತಿ, ಅವರು ಕಲ್ಲು," ಎಂದು ಆಂಟಿ ನಕ್ಕರು. ನಕ್ಕದ್ದಕ್ಕೆ ಒಡೆದ ತುಟಿ ಮತ್ತೆ ಬಿರಿಯಿತು. ಒರೆಸಿಕೊಳ್ಳುತ್ತ ಅಮ್ಮನ ಕಡೆ ತಿರುಗಿ, "ನಾನು ಕಲ್ಲಲ್ಲ ಅಕ್ಕಾ," ಎಂದರು. ಮುಂದಿನ ವಾರ ಅಮ್ಮ, ನಮ್ಮ ಅಕ್ಕಿಡಬ್ಬದಲ್ಲಿ ಬಚ್ಚಿಟ್ಟಿದ್ದ ಆಂಟಿಯ ಪಾಸ್‌ಪೋರ್ಟ್ ತೆಗೆದುಕೊಟ್ಟು, ಅವರನ್ನು ಏರ್‌ಪೋರ್ಟಿನ ಟ್ಯಾಕ್ಸಿ ಹತ್ತಿಸಿದರು.

ಮರುದಿನ ಸಂಜೆ ಸುಧಾಕರ ಬಾಗಿಲು ಒದ್ದುಕೊಂಡೇ ಒಳಗೆ ಬಂದ. ಅಪ್ಪ ಆಫೀಸಿನಲ್ಲಿದ್ದರು. "ಅವಳ ಊರು ಯಾವುದು ಹೇಳಿ. ಅಲ್ಲಿಗೇ ಹೋಗಿ ಕೊಂದು ಬರ್ತೇನೆ!" ಏಳು ವರ್ಷ ಸಂಸಾರ ಮಾಡಿದವನಿಗೆ ಬ್ಯಾಂಕಾಕ್ ಎಂಬುದೊಂದು ಬಿಟ್ಟು ಬೇರೆ ಹೆಸರು ಗೊತ್ತಿರಲಿಲ್ಲ. "ನನಗೆಂತ ಗೊತ್ತುಂಟು? ಗಂಡ ನೀವಲ್ವಾ ಮಾರಾಯ್ರೆ!" ಎಂದರು ಅಮ್ಮ. ಅವರ ಬೆನ್ನ ಹಿಂದೆ, ಗೋಡೆಯ ಮೇಲೆ, ಶಾಲೆಯಲ್ಲಿ ಬಹುಮಾನ ಪಡೆದ ನನ್ನ ಪ್ರಾಜೆಕ್ಟಿನ ಚಾರ್ಟು: ಮೇಲೆ ದಪ್ಪಕ್ಷರದಲ್ಲಿ ಊರಿನ ಹೆಸರು, ಬಸ್ ಸ್ಟಾಪಿನಿಂದ ಆಂಟಿಯ ಮನೆಯವರೆಗೆ ಬಾಣದ ಗುರುತು. ಗ್ಯಾಸ್ ಆರಿಸಿದೆಯೇ ಎಂದು ಮೂರು ಸಲ ನೋಡುವ ನಾನು ಅದನ್ನು ಕಿತ್ತಿಡಲು ಮರೆತಿದ್ದೆ. ಅವನು ಶೋಕೇಸಿನ ಗಾಜಿಗೆ ಗುದ್ದಿದ. ತಡೆಯಲು ಹೋದ ಅಮ್ಮನನ್ನು ನೂಕಿದ. ಬಳೆ ಚೂರಾಗಿ ಅವರ ಕೈ ಸೀಳಿತು. ನಾನು ಚಾರ್ಟಿಗೆ ಬೆನ್ನೊತ್ತಿ ನಿಂತೆ. ಕೆನ್ನೆಗೆ ಬಿದ್ದ ಏಟಿಗೆ ಮೂಲೆಗೆ ಹೋಗಿ ಬಿದ್ದೆ. ಅವನು ಚಾರ್ಟನ್ನು ಒಂದೇ ಎಳೆತಕ್ಕೆ ಕಿತ್ತು, ರಕ್ತ ಸುರಿಯುತ್ತಿದ್ದ ಮುಷ್ಟಿಗೆ ಸುತ್ತಿಕೊಂಡು ಹೊರಟುಹೋದ.

ಬಿಚ್ಚಿದಾಗ ಓದಿದನೇ? ಇವತ್ತಿಗೂ ಗೊತ್ತಿಲ್ಲ. ನಾವು ಊರಿಗೆ ಮರಳುವವರೆಗೂ ಬೆಳಿಗ್ಗೆ ಎದ್ದವಳೇ ಬಾಲ್ಕನಿಗೆ ಓಡಿ, ಅವನ ಬಿಳಿ ಕಾರು ಕೆಳಗೆ ನಿಂತಿದೆಯೇ ಎಂದು ನೋಡುತ್ತಿದ್ದೆ. ಕಾರು ಇದ್ದರೆ ಆಂಟಿ ಬದುಕಿದ್ದಾರೆ. ಪಕ್ಕದ ಬಾಲ್ಕನಿಯ ಡಬ್ಬದಲ್ಲಿ ಹುಲ್ಲು ನೀರಿಲ್ಲದೆ ಒಣಗಿತ್ತು. ಈಗ ನೋಡಲು ಬಾಲ್ಕನಿಯೂ ಇಲ್ಲ, ಕಾರೂ ಇಲ್ಲ. ಊರಿನ ಹೆಸರು ನನಗೆ ನೆನಪಿದೆ. ಇಲ್ಲಿ ಬರೆಯಲಾರೆ.