ಎಣ್ಣೆ ಹಚ್ಚಿದ ಕೊರಡು

ವೇಣೂರಿನಲ್ಲಿ ಫಲ್ಗುಣಿ ಹೊಳೆಯ ದಂಡೆ ಈ ಮಳೆಗಾಲದಲ್ಲಿ ಕುಸಿದಿದೆ. ಎಲೆಗಳ ಅಚ್ಚು ಉಳಿದಿದ್ದ ಕಪ್ಪು ಜೇಡಿಯ ಪದರವೊಂದನ್ನು ಕಳೆದ ಸಲ ಭೂವಿಜ್ಞಾನದ ಕೆಲಸಕ್ಕೆ ಬಂದಾಗ ನಕ್ಷೆಯಲ್ಲಿ ಗುರುತಿಸಿದ್ದೆ. ಅದರ ವಯಸ್ಸು ತಿಳಿಯಲು ಇದ್ದದ್ದು ಅದರೊಳಗೆ ಹುದುಗಿದ್ದ ಮರದ ಕೊರಡೊಂದೇ. ಇಂದು ಅದನ್ನು ಒಯ್ಯಲು ಬಂದರೆ ಪದರವೂ ಇಲ್ಲ, ಕೊರಡೂ ಇಲ್ಲ.

"ಹೆದರಬೇಡಿ, ನಿಮ್ಮ ಕೊರಡು ನಮ್ಮಲ್ಲಿ ಉಂಟು," ಎಂದರು ದಂಡೆಯ ಗದ್ದೆಯ ಯಜಮಾನ ಜಿನರಾಜಣ್ಣ. "ನೀರು ಏರುವಾಗ ನಾನೇ ತೆಗೆದೆ. ಬಿಟ್ಟಿದ್ರೆ ಟಿಕೆಟಿಲ್ಲದೆ ಮಂಗಳೂರಿಗೆ ಹೋಗ್ತಿತ್ತು ಮಾರಾಯ್ರೆ!"

ಅವರ ಮನೆಯ ಚಾವಡಿಯಲ್ಲಿ ಗೋಣಿಯ ಮೇಲೆ ಕೊರಡು ಮಿರಮಿರ ಹೊಳೆಯುತ್ತಿತ್ತು. ಗೆದ್ದಲು ಹಿಡಿಯದಂತೆ ಕಂಬ, ಬಾಗಿಲುಗಳಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಅದಕ್ಕೂ ಬಳಿದಿದ್ದರು.

"ದನದ ಹಟ್ಟಿಯ ಬಾಗಿಲಿಗೆ ಹಚ್ಚಿ ಅಂತ ಹೇಳಿ ಹೇಳಿ ನನಗೆ ಸಾಕಾಯ್ತು. ನಿಮ್ಮ ಕೊರಡಿಗೆ ಮೂರು ಸಲ ಹಚ್ಚಿದ್ದಾರೆ," ಎನ್ನುತ್ತ ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟರು.

ಮುಟ್ಟಿ ನೋಡಿದೆ. ಎಣ್ಣೆ ಬಿರುಕುಗಳ ಆಳಕ್ಕೂ ಇಳಿದಿತ್ತು. ವಯಸ್ಸು ಲೆಕ್ಕಹಾಕುವುದು ಮರದಲ್ಲಿ ಉಳಿದ ಇಂಗಾಲದಿಂದ; ಈಗ ಆ ಹಳೆಯ ಇಂಗಾಲದೊಳಗೆ ಮೊನ್ನೆಮೊನ್ನೆಯ ಗೇರುಬೀಜದ ಇಂಗಾಲ ಬೆರೆತುಹೋಗಿದೆ. ಇನ್ನು ಪ್ರಯೋಗಾಲಯ ಯಾವ ವಯಸ್ಸು ಹೇಳಿದರೂ ನಂಬುವಂತಿಲ್ಲ.

"ಹಾಳಾಗಲಿಲ್ಲ ಅಲ್ವಾ?" ಜಿನರಾಜಣ್ಣ ಕೇಳಿದರು.

"ತುಂಬ ಜೋಪಾನವಾಗಿ ಇಟ್ಟಿದ್ದೀರಿ," ಎಂದೆ.

"ಮತ್ತೆ, ಎಷ್ಟು ವರ್ಷದ್ದು ಅದು? ಬಸದಿಯಲ್ಲಿ ಎಲ್ಲರೂ ಕೇಳ್ತಾರೆ."

"ತುಂಬ ಹಳೆಯದು."

"ಅಷ್ಟು ನಮಗೂ ಗೊತ್ತುಂಟು!" ಎಂದು ಗಂಡ ಹೆಂಡತಿ ಇಬ್ಬರೂ ನಕ್ಕರು.

ಕೊರಡನ್ನು ಒಣಗಿದ ಗೋಣಿಯಲ್ಲಿ ಸುತ್ತಿ, ಮೂಡುಬಿದಿರೆಯ ಬಸ್ಸಿನವರೆಗೆ ಜಿನರಾಜಣ್ಣನೇ ಹೊತ್ತು ತಂದರು. ನಾನು ಬೇಡವೆಂದರೂ ಕೇಳದೆ, ಕಂಡಕ್ಟರನಿಗೆ ಹೇಳಿ ಅದಕ್ಕೆ ಕಿಟಕಿಯ ಬಳಿಯ ಸೀಟು ಕೊಡಿಸಿದರು.